ಕಾರ್ಕ್‌ನಲ್ಲಿ ಕೂತು ಐರಿಶ್ ಕಲಿತಿದ್ದು, ಟೆಗ್ ಎ2 ಬರೆದಿದ್ದು, ಮತ್ತೆ ಆ 'ನೀವು ಯಾವೂರವರು' ಅನ್ನೋ ಪ್ರಶ್ನೆ

ಮೊನ್ನೆ ಟೆಗ್ ಎ2 ರಿಸಲ್ಟ್ ಬಂತು, ಪಾಸಾಗಿದೀನಿ. ಟೆಗ್ ಅಂದ್ರೆ ಐರಿಶ್ ಭಾಷೆಗೆ ಇರೋ ಯೂರೋಪಿಯನ್ ಮಟ್ಟದ ಪರೀಕ್ಷೆ, ಮೇನೂತ್ ಯೂನಿವರ್ಸಿಟಿಯವರು ನಡೆಸೋದು, 2005ರಿಂದ ಇದೆ, ಎ1ರಿಂದ ಸಿ1ರ ತನಕ ಹಂತಗಳು, ನಮ್ಮಂಥ ದೊಡ್ಡವರು ಬರೆಯೋಕೆ ಅಂತಲೇ ಮಾಡಿರೋದು. ಇಲ್ಲಿ ಐರ್ಲೆಂಡಲ್ಲಿರೋ ನಮ್ಮ ಕನ್ನಡದವರಲ್ಲಿ ಇದನ್ನ ಬರೆದವರು ನನಗೆ ಯಾರೂ ಸಿಗಲಿಲ್ಲ, ಕೇಳೋಕೆ ಜನ ಇಲ್ಲದೆ ಒದ್ದಾಡಿದೀನಿ, ಅದಕ್ಕೆ ಬಿಸಿ ಇರುವಾಗಲೇ ಬರೆದು ಹಾಕ್ತಿದೀನಿ. ಉದ್ದ ಆಗುತ್ತೆ, ಟೀ ಇಟ್ಕೊಂಡು ಕೂತ್ಕೊಳಿ.

ಮೊದಲು ಎಲ್ಲರೂ ಕೇಳೋ ಪ್ರಶ್ನೆ, ಇದ್ಯಾಕೆ ಬೇಕಿತ್ತು ನಿಂಗೆ? ಸಿಟಿಜನ್‌ಶಿಪ್‌ಗೆ ಐರಿಶ್ ಭಾಷೆ ಬೇಕಾಗಲ್ಲ, ಕೆಲಸಕ್ಕೂ ಬೇಕಾಗಲ್ಲ (ಪ್ರೈಮರಿ ಸ್ಕೂಲ್ ಟೀಚರ್ ಆಗೋರಿಗೆ ಬೇಕು, ಅದು ಬೇರೆ ಕಥೆ). ಆದ್ರೆ ಮಗಳು ಇಲ್ಲೇ ಸ್ಕೂಲಿಗೆ ಹೋಗ್ತಾಳೆ, ಇಲ್ಲಿ ಪ್ರೈಮರಿಯಿಂದಲೇ ಐರಿಶ್ ಇದ್ದೇ ಇರುತ್ತೆ, ಹೋಂವರ್ಕ್ ಪುಸ್ತಕ ತೆಗೆದ್ರೆ ನಂಗೆ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಅಷ್ಟೇ ಅಲ್ಲ, ಊರ ತುಂಬಾ ಬೋರ್ಡುಗಳು ಎರಡು ಭಾಷೆಲಿ ಇರ್ತವೆ, ಬಸ್ ಮೇಲೆ 'ಅನ್ ಲಾರ್' ಅಂತ ಬರುತ್ತೆ, ಅದು ಊರಿನ ಹೆಸರಲ್ಲ ಸಿಟಿ ಸೆಂಟರ್ ಅಂತ ತಿಳ್ಕೊಳ್ಳೋಕೇ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಬೇಕು. ಮನೆಲಿ ಕನ್ನಡ ಉಳಿಸ್ಕೋಬೇಕು ಅಂತ ಒದ್ದಾಡೋರು ಇನ್ನೊಬ್ಬರ ಭಾಷೆ ಉಳಿಸೋ ಒದ್ದಾಟ ನೋಡಿದಾಗ ಸುಮ್ನೆ ಇರೋಕಾಗಲ್ಲ, ನನಗಂತೂ ಆಗಲಿಲ್ಲ. 2022ರ ಜನಗಣತಿಲಿ ಹತ್ತೊಂಬತ್ತು ಲಕ್ಷದ ಹತ್ತಿರ ಜನ ಐರಿಶ್ ಬರುತ್ತೆ ಅಂದಿದಾರೆ, ಆದ್ರೆ ಸ್ಕೂಲು ಕಾಲೇಜು ಬಿಟ್ಟು ಹೊರಗಡೆ ದಿನಾ ಮಾತಾಡೋರು ಎಪ್ಪತ್ತೆರಡು ಸಾವಿರ ಆಸುಪಾಸು. ಅಂದ್ರೆ ನಮ್ಮ ಒಂದು ತಾಲೂಕು ಕೇಂದ್ರದಷ್ಟು ಜನ.

ಕ್ಲಾಸ್ ಹುಡುಕೋದೇ ಮೊದಲ ಅಡ್ಡಿ. ಸೆಪ್ಟೆಂಬರ್‌ನಲ್ಲಿ ಎಲ್ಲ ಸಂಜೆ ಕ್ಲಾಸ್‌ಗಳು ಶುರುವಾಗುತ್ತೆ, ಆಗಸ್ಟ್‌ನಲ್ಲೇ ಹೆಸರು ಕೊಡಬೇಕು, ಇದು ಗೊತ್ತಿಲ್ಲದೆ ಅಕ್ಟೋಬರ್‌ನಲ್ಲಿ ವಿಚಾರಿಸಿದ್ರೆ ಎಲ್ಲಾ ಫುಲ್. ನಾನು ಸೇರಿದ ಮೊದಲ ಕ್ಲಾಸ್ ಸಾಕಷ್ಟು ಜನ ಬರಲಿಲ್ಲ ಅಂತ ಶುರುವಾದ ಸ್ವಲ್ಪ ದಿನಕ್ಕೇ ಕ್ಯಾನ್ಸಲ್ ಆಯ್ತು, ದುಡ್ಡು ವಾಪಸ್ ಬರೋಕೆ ಕ್ರಿಸ್‌ಮಸ್ ಆಯ್ತು. ಆಮೇಲೆ ಜನವರಿಯಲ್ಲಿ ಆನ್‌ಲೈನ್ ಕ್ಲಾಸ್ ಸಿಕ್ತು, ಟರ್ಮ್‌ಗೆ ನೂರೈವತ್ತು ಯೂರೋ ಚಿಲ್ಲರೆ, ನಮ್ಮ ಟೀಚರ್ ಕಾರ್ಕ್ ಕೌಂಟಿಯ ಪಶ್ಚಿಮಕ್ಕಿರೋ ಮೂಸ್ಕ್ರೀ ಕಡೆಯವರು, ಅಲ್ಲಿ ಇವತ್ತಿಗೂ ಐರಿಶ್ ಮನೆಮಾತಾಗಿರೋರು ಇದಾರೆ. ಇದು ಒಳ್ಳೇದೂ ಆಯ್ತು ಕಷ್ಟವೂ ಆಯ್ತು, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲನೇ ಕ್ಲಾಸಲ್ಲೇ ಬರೋ ಪ್ರಶ್ನೆ, ನೀವು ಎಲ್ಲಿಯವರು. ಎ1 ಆಗಲಿ ಎ2 ಆಗಲಿ ಓರಲ್‌ಗೆ ತಯಾರಾಗೋರು ಹೆಸರು ಆದ್ಮೇಲೆ ಇದಕ್ಕೇ ತಯಾರಾಗೋದು. ಸುಲಭ ಅಂತ ಕಾಣುತ್ತೆ. ನನ್ನ ಇಡೀ ವರ್ಷದ ಅರ್ಧ ತಲೆನೋವು ಈ ಒಂದೇ ಪ್ರಶ್ನೆಯಿಂದ ಬಂದಿದ್ದು, ಹಾಗೇ ಅರ್ಧ ವ್ಯಾಕರಣ ಕಲಿತಿದ್ದೂ ಇದರಿಂದಲೇ.

ಪ್ರಶ್ನೆನೇ ಒಂದು ರೀತಿ ಇಲ್ಲ ನೋಡಿ. ದಕ್ಷಿಣದ ಮನ್‌ಸ್ಟರ್‌ನವರು 'ಕಾದ್ ಆಸ್ ದಿಟ್' ಅಂತಾರೆ, ಪಶ್ಚಿಮದ ಕನಾಕ್ಟ್‌ನವರು 'ಕೇ ಆಸ್ ಹೂ' ಅಂತಾರೆ, ಉತ್ತರದ ಅಲ್‌ಸ್ಟರ್‌ನವರು 'ಕಾ ಆಸ್ ಟೂ' ಅಂತಾರೆ. ಧಾರವಾಡದವರು, ಮಂಗಳೂರವರು, ಮಂಡ್ಯದವರು ಕೇಳಿದ ಹಾಗೆ ಅನ್ಕೊಳಿ, ಆದ್ರೆ ನಿಮಗೆ ಆ ಮೂರೂ ಹೊಸದು. ಎಲ್ಲದರಲ್ಲೂ ಆ 'ಆಸ್' ಅನ್ನೋದು ಮಾತ್ರ ಇರುತ್ತೆ, 'ಇಂದ' ಅಂತ ಅರ್ಥ, ಅದನ್ನ ಹಿಡ್ಕೊಂಡ್ರೆ ಸಾಕು. ಉತ್ತರಕ್ಕೆ ಎರಡು ದಾರಿ ಇದೆ. ಒಂದು, 'ಇಸ್ ಆಸ್ ಕೊರ್ಕಿಗ್ ಮೇ', ನಾನು ಕಾರ್ಕ್‌ನಿಂದ. ಇನ್ನೊಂದು, 'ಇಸ್ ಕೊರ್ಕೀಅಖ್ ಮೇ', ನಾನು ಕಾರ್ಕ್‌ನವಳು. ಈ ಎರಡನೇದು ಬಂತು ಅಂದ್ರೆ ಕಥೆ ಶುರು.

ಊರ ಹೆಸರಿಗೆ 'ಅಖ್' ಅಂತ ಸೇರಿಸಿದ್ರೆ ಆ ಊರಿನ ಮನುಷ್ಯ ಆಗ್ತಾನೆ, ನಾವು ಕನ್ನಡಿಗ, ಬೆಂಗಳೂರಿಗ ಅಂತ 'ಇಗ' ಸೇರಿಸೋ ಥರಾನೇ. ಕೊನೆಯ 'ಖ್' ಗಂಟಲಿಂದ ಬರಬೇಕು, ಉರ್ದು ಮಾತಾಡೋರು 'ಖ್ವಾಬ್' ಅನ್ನುವಾಗ ಬರುತ್ತಲ್ಲ ಅದು. ಗಾಲ್ವೇಗೆ ಐರಿಶ್‌ನಲ್ಲಿ ಗಾಲಿವ್, ಅಲ್ಲಿಯವರು ಗಾಲಿವಖ್. ಡೆರಿಗೆ ದೆರೆ, ಅಲ್ಲಿಯವರು ದೆರ್ಯಖ್. ಬೆಲ್‌ಫಾಸ್ಟ್ ಬೇಲ್ ಫೆರ್ಶ್ಟೆ, ಅಲ್ಲಿಯವರು ಬೇಲ್ ಫೆರ್ಶ್ಟಖ್. ವಾಟರ್‌ಫರ್ಡ್ ಪೋರ್ಟ್ ಲಾರ್ಗೆ, ಅಲ್ಲಿಯವರು ಪೋರ್ಟ್ ಲಾರ್ಗಖ್, ಆದ್ರೆ ಆ ಪ್ರದೇಶದ ಹಳೇ ಹೆಸರಿಂದ ಬಂದಿರೋ ದೇಶಖ್ ಅನ್ನೋದೂ ಜೋರಾಗಿ ಚಾಲ್ತಿಲಿದೆ, ಕೇಳಿದ್ರೆ ನಮ್ಮ ದೇಶಿ ಅಂದ ಹಾಗೇ ಇರುತ್ತೆ, ಸಂಬಂಧ ಏನೂ ಇಲ್ಲ. ಲಂಡನ್‌ನವರು ಲಂಡನಖ್, ಪ್ಯಾರಿಸ್‌ನವರು ಪಾರಸಖ್. ಫ್ರೆಂಚರು ಫ್ರಾಂಕಖ್, ಅದೇ ಪದಕ್ಕೆ ಹೆಗ್ಗಣ ಅನ್ನೋ ಅರ್ಥನೂ ಇದೆ, ನಮ್ಮ ಕ್ಲಾಸಲ್ಲಿದ್ದ ಫ್ರಾನ್ಸಿನ ಹೆಂಗಸು ಇದನ್ನ ಕೇಳಿ ಮುಖ ಮಾಡಿದ್ದು ನೋಡಬೇಕಿತ್ತು.

ಹಾಗಾದ್ರೆ ಕಾರ್ಕ್ ಯಾಕೆ 'ಕೊರ್ಕಿಗಖ್' ಆಗದೆ 'ಕೊರ್ಕೀಅಖ್' ಆಯ್ತು? ಇದನ್ನ ಪುಸ್ತಕದಲ್ಲಿ ಹೇಳಲ್ಲ, ಟೀಚರ್ ಹೇಳಿದ್ದು. ಊರ ಹೆಸರಿನ ಕೊನೆಗೆ ಐ ಜಿ ಎಚ್ ಅಂತ ಬರೀತಾರೆ. ಹಿಂದೆ ಆ ಜಿ ಎಚ್‌ನ ಹಾಗೇ ಇಟ್ಕೊಂಡು ಅದರ ಮುಂದೆ 'ಅಖ್' ಅಂಟಿಸಿ ಉದ್ದುದ್ದ ಬರೀತಿದ್ರು. 1940ರ ದಶಕದಲ್ಲಿ ಸರ್ಕಾರದವರು ಕಾಗುಣಿತ ಸರಳ ಮಾಡಿ, 1958ರಲ್ಲಿ ವ್ಯಾಕರಣಾನೂ ಸೇರಿಸಿ ಒಂದು ಅಧಿಕೃತ ಮಾದರಿ ತಂದ್ರು, ಆಗ ಉಚ್ಚಾರದಲ್ಲಿ ಇಲ್ಲದ ಆ ಜಿ ಎಚ್ ಬಿದ್ದು ಹೋಗಿ ಅದರ ಜಾಗದಲ್ಲಿ ಐ ಮೇಲೆ ಒಂದು ಓರೆ ಗೆರೆ ಉಳೀತು. ಆ ಗೆರೆಗೆ 'ಫಾದ' ಅಂತಾರೆ, ಉದ್ದ ಅಂತ ಅರ್ಥ, ನಮ್ಮ ದೀರ್ಘದ ಕೆಲಸಾನೇ ಅದು ಮಾಡೋದು. ಲಿಮರಿಕ್‌ಗೂ ಕೆರಿಗೂ ಇದೇ ಕಥೆ, ಲಿಮ್ನೀಅಖ್, ಕಿಅರೀಅಖ್. ಇದು ಗೊತ್ತಾದ್ಮೇಲೆ ಯಾವ ಊರಿಗೆ 'ಅಖ್', ಯಾವ ಊರಿಗೆ 'ಈಅಖ್' ಅಂತ ಬಾಯಿಪಾಠ ಮಾಡೋ ಅಗತ್ಯ ಬಹುಮಟ್ಟಿಗೆ ಹೋಯ್ತು.

ಲಿಮರಿಕ್ ವಿಷಯಕ್ಕೆ ಬಂದೆ, ಅಲ್ಲೊಂದು ಬಲೆ ಇದೆ, ಬರವಣಿಗೆ ಪೇಪರ್‌ಗೆ ಹೋಗೋರು ಗಮನ ಕೊಡಿ. ಊರಿನ ಹೆಸರೇ ಲಿಮ್ನಖ್, ಅಂದ್ರೆ ಊರೇ 'ಅಖ್'ನಿಂದ ಮುಗಿಯುತ್ತೆ, ನೋಡಿದ ತಕ್ಷಣ ಮನುಷ್ಯ ಅನ್ಸುತ್ತೆ, ಅಲ್ಲ, ಅದು ಊರು. ಮನುಷ್ಯ ಲಿಮ್ನೀಅಖ್. ಇನ್ನು 'ಲಿಮರಿಕ್‌ನ' ಅನ್ನೋ ಷಷ್ಠಿ ರೂಪ ಲಿಮ್ನಿಗ್, 'ಲಿಮರಿಕ್‌ನವರು' ಅನ್ನೋ ಬಹುವಚನ ಲಿಮ್ನೀಗ್. ಬರೆಯುವಾಗ ಎರಡಕ್ಕೂ ಇರೋ ವ್ಯತ್ಯಾಸ ಆ ಒಂದು ಫಾದ ಮಾತ್ರ. ಕಂಪ್ಯೂಟರ್‌ನಲ್ಲಿ ಐರಿಶ್ ಕೀಬೋರ್ಡ್ ಹಾಕ್ಕೊಳ್ಳದೆ ಅಭ್ಯಾಸ ಮಾಡಿದ್ರೆ ಫಾದ ಬಿಡೋ ಚಟ ಬೀಳುತ್ತೆ, ಕಾಗದದ ಮೇಲೆ ಕೈಯಲ್ಲಿ ಬರೆದೇ ಅಭ್ಯಾಸ ಮಾಡಿ.

ಡಬ್ಲಿನ್ ಇನ್ನೊಂದು ತಮಾಷೆ. ಐರಿಶ್‌ನಲ್ಲಿ ಅದರ ಹೆಸರು ಬರೆಯೋದು ಮೂರು ಪದದಲ್ಲಿ, ಬಾಲ್ಯ ಆಹ ಕ್ಲೀಅ, ಬಿದಿರಿನ ತಡಿಕೆ ಥರದ್ದು ಹಾಸಿ ನದಿ ದಾಟ್ತಿದ್ದ ಜಾಗದ ಊರು ಅಂತ ಏನೋ. ಮಾತಾಡೋರು ಯಾರೂ ಮೂರು ಪದ ಬಿಡಿಸಿ ಹೇಳಲ್ಲ, 'ಬ್ಲಾ ಕ್ಲೀಅ' ಅಂತ ನುಂಗಿ ಹೇಳ್ತಾರೆ. ಹಾಗೆ ನುಂಗಿರೋ ರೂಪಕ್ಕೇ 'ಅಖ್' ಸೇರಿಸಿ ಬ್ಲಾ ಕ್ಲೀಅಹಖ್ ಅಂತ ಮನುಷ್ಯ ಆಗ್ತಾನೆ, ಪೂರ್ತಿ ಉದ್ದದ ರೂಪನೂ ಕಾಣುತ್ತೆ. ನನ್ನ ಸಲಹೆ, ಡಬ್ಲಿನ್‌ನಲ್ಲಿರೋರು ಇದಕ್ಕೆ ಕೈ ಹಾಕಬೇಡಿ, 'ಆಸ್' ಹಾಕಿ ಊರ ಹೆಸರು ಹೇಳಿ ಮುಗಿಸಿ. ಡಬ್ಲಿನ್‌ನವರೇ ಹೆಚ್ಚಾಗಿ ಹಾಗೇ ಮಾಡ್ತಾರೆ. ಕಾರ್ಕ್‌ನವರು ಮಾತ್ರ ಎಲ್ಲಿ ಹೋದರೂ ಕೊರ್ಕೀಅಖ್ ಅಂತ ಎದೆ ತಟ್ಟಿ ಹೇಳ್ಕೋತಾರೆ, ನಿಜವಾದ ರಾಜಧಾನಿ ನಮ್ಮದೇ ಅನ್ನೋ ಜನ ಅಲ್ವಾ.

ಉಚ್ಚಾರದ ಕಷ್ಟ ಹೇಳ್ತೀನಿ ಅಂದೆ. ಮನ್‌ಸ್ಟರ್‌ನವರು ಪದದ ಕೊನೆಯ ಐ ಜಿ ಎಚ್‌ನ 'ಇಗ್' ಅಂತಾರೆ, ಬೇರೆ ಕಡೆಯವರು ಬರೀ 'ಈ' ಅಂತಾರೆ. ಹಾಗಾಗಿ ನಮ್ಮ ಟೀಚರ್ ಬಾಯಲ್ಲಿ ಊರು ಕೊರ್ಕಿಗ್, 'ಕಾರ್ಕ್‌ನ' ಅನ್ನೋದು ಕೊರ್ಕೀ, 'ಕಾರ್ಕ್‌ನವರು' ಕೊರ್ಕೀಗ್, ಮೂರೂ ಬೇರೆ ಬೇರೆ, ಕಿವಿಗೆ ಸ್ಪಷ್ಟ. ಗಾಲ್ವೇ ಕಡೆಯವರ ಆಡಿಯೋ ಹಾಕಿದ್ರೆ ಆ ಕೊನೇ ಗ್ ಎಲ್ಲೂ ಇಲ್ಲ, 'ಕಾರ್ಕ್‌ನ' ಮತ್ತು 'ಕಾರ್ಕ್‌ನವರು' ಒಂದೇ ಥರ ಕೇಳ್ಸುತ್ತೆ, ಸಂದರ್ಭ ನೋಡಿ ತಿಳ್ಕೋಬೇಕು. ಟೆಗ್ ಸೈಟಲ್ಲಿ ಸ್ಯಾಂಪಲ್ ಪೇಪರ್, ಆಡಿಯೋ ಎಲ್ಲಾ ಫ್ರೀ ಸಿಗುತ್ತೆ, ಬೇರೆ ಬೇರೆ ಕಡೆಯವರ ಮಾತು ಕೇಳಿ ಕಿವಿ ಹದ ಮಾಡ್ಕೊಳಿ. ಟ್ಯಾಂಗ್ಲನ್ ಅನ್ನೋ ಡಿಕ್ಷನರಿ ಸೈಟಲ್ಲಿ ಬಹಳಷ್ಟು ಪದಗಳಿಗೆ ಮೂರು ಪ್ರಾಂತದ ಉಚ್ಚಾರ ಕೇಳಬಹುದು, ವ್ಯಾಕರಣದ ಟ್ಯಾಬ್ ಒತ್ತಿದ್ರೆ ಏಕವಚನ ಬಹುವಚನ ಷಷ್ಠಿ ಎಲ್ಲಾ ಟೇಬಲ್ ಮಾಡಿ ಕೊಡುತ್ತೆ, ದುಡ್ಡಿಲ್ಲ. ಊರ ಹೆಸರುಗಳಿಗೆ ಲೋಗನಿಮ್ ಅಂತ ಸರ್ಕಾರದ ಬೆಂಬಲದ ಇನ್ನೊಂದು ಸೈಟ್ ಇದೆ, ನೀವಿರೋ ಏರಿಯಾದ ಹೆಸರನ್ನ ಅಲ್ಲಿಂದ ತಗೊಳಿ. ಮೊದಮೊದಲು ನಾನು ದಪ್ಪ ವ್ಯಾಕರಣ ಪುಸ್ತಕಕ್ಕೆ ಮೂವತ್ತು ಯೂರೋ ಚಿಲ್ಲರೆ ಕೊಟ್ಟೆ, ಎ2ಗೆ ಅದರ ಅವಶ್ಯಕತೆ ಇಲ್ಲ.

ಇನ್ನು 'ಇಸ್' ಮತ್ತು 'ತಾ' ಜಗಳ. ಐರಿಶ್‌ನಲ್ಲಿ 'ಇರು' ಅನ್ನೋದಕ್ಕೆ ಎರಡಿದೆ. ಸುಸ್ತಾಗಿದೆ, ಚಳಿಯಾಗಿದೆ, ಮನೇಲಿದೀನಿ ಅನ್ನೋದಕ್ಕೆಲ್ಲ 'ತಾ'. ನಾನು ಇಂಥವಳು ಅಂತ ಒಂದು ನಾಮಪದ ಇಟ್ಟು ಹೇಳೋಕೆ 'ಇಸ್'. ನಮ್ಮ ಕ್ಲಾಸಲ್ಲಿ ಅರ್ಧ ಜನ 'ತಾ ಮೇ ಕೊರ್ಕೀಅಖ್' ಅಂತಿದ್ರು, ಯಾಕಂದ್ರೆ ಸುಸ್ತಾದ ಅನ್ನೋ ಪದ 'ತಿರ್ಶಖ್', ಅದೂ 'ಅಖ್'ನಿಂದಲೇ ಮುಗಿಯುತ್ತೆ, ಅದಕ್ಕೆ 'ತಾ' ಬರುತ್ತೆ, ಹಾಗಾಗಿ ಇದಕ್ಕೂ ಅನ್ಕೋತಾರೆ. ಕನ್ನಡದವರಿಗೆ ಇದು ಹತ್ತೋದು ಸ್ವಲ್ಪ ಬೇಗ. 'ನಾನು ಮೈಸೂರಿನವಳು' ಅನ್ನುವಾಗ ನಾವು 'ಇದ್ದೇನೆ' ಅಂತ ಹಾಕಲ್ಲ ತಾನೇ? 'ನಾನು ಮೈಸೂರಲ್ಲಿದೀನಿ' ಅನ್ನುವಾಗ ಹಾಕ್ತೀವಿ. ಕನ್ನಡದಲ್ಲಿ ಇರು ಬರೋ ಕಡೆ 'ತಾ', ಏನೂ ಬರದ ಕಡೆ 'ಇಸ್', ಎ2 ಮಟ್ಟಕ್ಕೆ ಈ ಲೆಕ್ಕ ಬಹಳ ಸಲ ಸರಿಹೋಗುತ್ತೆ. ಇಂಗ್ಲಿಷ್ ಮೂಲಕ ಯೋಚನೆ ಮಾಡಿದ್ರೆ ಮಾತ್ರ ಗೊಂದಲ. 'ಅಲ್ಲ' ಅನ್ನೋಕೆ 'ನೀ ಕೊರ್ಕೀಅಖ್ ಮೇ'. ಪ್ರಶ್ನೆಗೆ 'ಅನ್ ಕೊರ್ಕೀಅಖ್ ಹೂ?', ಉತ್ತರ 'ಶಾ' ಅಥವಾ 'ನೀ ಹಾ', ನಮ್ಮ ಹೌದು ಅಲ್ಲ ಥರ. ಗತಿಸಿದವರ ಬಗ್ಗೆ ಹೇಳುವಾಗ 'ಇಸ್' ಹೋಗಿ 'ಬ' ಆಗುತ್ತೆ, ಆಗ ಮುಂದಿನ ಅಕ್ಷರ ಮೆತ್ತಗಾಗಿ 'ಬ ಖೊರ್ಕೀಅಖ್ ಏ'. 1920ರಲ್ಲಿ ಬ್ರಿಕ್ಸ್‌ಟನ್ ಜೈಲಲ್ಲಿ 74 ದಿನ ಉಪವಾಸ ಇದ್ದು ಸತ್ತ ಕಾರ್ಕ್ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿ 'ಬ ಖೊರ್ಕೀಅಖ್ ಏ', ಇನ್ನೂ ಗಟ್ಟಿಯಾಗಿರೋ ಫುಟ್‌ಬಾಲ್‌ನ ರಾಯ್ ಕೀನ್ 'ಇಸ್ ಕೊರ್ಕೀಅಖ್ ಏ'. ಟೀಚರ್ ಕೊಟ್ಟ ಉದಾಹರಣೆಗಳೇ ಇವು, ಮರೆಯೋಕಾಗಲ್ಲ.

ಲಿಂಗದ ವಿಷಯ ಕೇಳಿ. ನಮಗೆ ಮೈಸೂರಿನವನು, ಮೈಸೂರಿನವಳು, ಕನ್ನಡಿಗ, ಕನ್ನಡತಿ ಅಂತ ಬೇರೆ ಬೇರೆ. ಐರಿಶ್‌ನಲ್ಲಿ ಹೆಂಗಸಾದ್ರೂ ಗಂಡಸಾದ್ರೂ ಕೊರ್ಕೀಅಖ್ ಒಂದೇ, ಮತ್ತೆ ವ್ಯಾಕರಣದಲ್ಲಿ ಅದು ಯಾವಾಗಲೂ ಪುಲ್ಲಿಂಗ. ಓಲಿಂಪಿಕ್ ಓಟಗಾರ್ತಿ ಸೋನಿಯಾ ಓ'ಸಲಿವನ್ ಬಗ್ಗೆ ಹೇಳುವಾಗಲೂ 'ಇಸ್ ಕೊರ್ಕೀಅಖ್ ಈ', ಅಂದ್ರೆ ಸರ್ವನಾಮ ಸ್ತ್ರೀಲಿಂಗ ಆಗುತ್ತೆ, ನಾಮಪದ ಕದಲಲ್ಲ.

ಆದ್ರೆ ಬೇರೆ ಎಲ್ಲದಕ್ಕೂ ಕದಲುತ್ತೆ. ಈ ಪದದ ತಲೆಯೂ ಬದಲಾಗುತ್ತೆ ಬಾಲವೂ ಬದಲಾಗುತ್ತೆ. 'ಅನ್ ಕೊರ್ಕೀಅಖ್' ಆ ಕಾರ್ಕ್‌ನವನು. ಅವನ ಟೋಪಿ ಅನ್ನೋಕೆ 'ಹಾತ ಅನ್ ಖೊರ್ಕೀಗ್', ಕ ಹೋಗಿ ಖ ಆಯ್ತು, ಕೊನೇ ಅಖ್ ಹೋಗಿ ಈಗ್ ಆಯ್ತು. ಕಾರ್ಕ್‌ನವರು ಅಂತ ಬಹುವಚನ 'ನ ಕೊರ್ಕೀಗ್'. ಅವರೆಲ್ಲರ ಬಾವುಟ ಅನ್ನೋಕೆ 'ಬ್ರಾತಖ್ ನ ಗೊರ್ಕೀಅಖ್', ಈಗ ಕ ಹೋಗಿ ಗ ಆಯ್ತು, ಬಾಲ ಮಾತ್ರ ಏಕವಚನದ್ದೇ ವಾಪಸ್ ಬಂತು. ಕೂಗಿ ಕರೆಯೋದಾದ್ರೆ ಒಬ್ಬನಿಗೆ 'ಅ ಖೊರ್ಕೀಗ್', ತುಂಬಾ ಜನಕ್ಕೆ 'ಅ ಖೊರ್ಕೀಅಖ'. ಸ್ವರದಿಂದ ಶುರುವಾಗೋ ಪದ ಆದ್ರೆ ಅದಕ್ಕೆ ಇನ್ನೊಂದು ಆಟ, ಭಾರತೀಯ ಅನ್ನೋಕೆ ಇಂಡಿಅಖ್, ಆದ್ರೆ ಆ ಭಾರತೀಯ ಅಂದ್ರೆ 'ಅನ್ ಟಿಂಡಿಅಖ್', ಭಾರತೀಯರು ಅಂದ್ರೆ 'ನ ಹಿಂಡಿಇಗ್'. ಮೊದಲ ಸಲ ನೋಡಿದಾಗ ಪುಸ್ತಕ ಮುಚ್ಚಿಟ್ಟು ಎದ್ದು ಹೋದೆ, ನಿಜ ಹೇಳ್ತೀನಿ. ಸಮಾಧಾನದ ವಿಷಯ ಏನು ಅಂದ್ರೆ ಈ ಒಂದು ಪದದ ಎಲ್ಲಾ ರೂಪ ಬಾಯಿಗೆ ಬಂದ್ರೆ ಐರಿಶ್‌ನವರು, ಇಂಗ್ಲಿಷರು, ಸ್ಕಾಟಿಶರು, ಗಾಲ್ವೇಯವರು, ಲಂಡನ್‌ನವರು ಎಲ್ಲಾ ಹೀಗೇ. ಒಂದು ಕಲಿತ್ರೆ ಇನ್ನೂರು ಕಲಿತ ಹಾಗೆ. ಕ್ರಿಯಾಪದಗಳಿಗೆ ಸಮಯ ಹಾಕೋ ಮುಂಚೆ ಇದನ್ನೇ ಗಟ್ಟಿ ಮಾಡ್ಕೊಳಿ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ, ಟೀಚರ್‌ಗಳು ಒಪ್ಪಲ್ಲ, ಒಪ್ಪದಿದ್ರೆ ಬಿಡಲಿ.

ಎಲ್ಲಕ್ಕಿಂತ ಖುಷಿ ಆಗಿದ್ದು ಜನರನ್ನ ಎಣಿಸೋದು ಬಂದಾಗ. ಇಂಗ್ಲಿಷ್‌ನವರಿಗೆ ಎರಡು ಸೇಬು ಎರಡು ಮನುಷ್ಯ ಎರಡೂ ಒಂದೇ. ನಮಗೆ ಎರಡು ಬೇರೆ ಇಬ್ಬರು ಬೇರೆ, ಮೂರು ಬೇರೆ ಮೂವರು ಬೇರೆ. ಐರಿಶ್‌ನಲ್ಲೂ ಹಾಗೇ ಇದೆ ಕಣ್ರೀ! ವಸ್ತುಗಳಿಗೆ ಬೇರೆ ಸಂಖ್ಯೆ, ಮನುಷ್ಯರಿಗೆ ಬೆರ್ಟ್, ಟ್ರೂರ್, ಕ್ಯಾರರ್, ಕೂಗ್ಯರ್, ಶೆಶರ್... ಹೀಗೆ ಹತ್ತರ ತನಕ ಹೋಗುತ್ತೆ, ಹನ್ನೆರಡು ಜನಕ್ಕೂ ಒಂದು ಪದ ಇದೆ. ನಾವು ಮಾತಲ್ಲಿ ಐವರು ದಾಟಿದ್ಮೇಲೆ ಆರು ಜನ ಏಳು ಜನ ಅಂತ ಸುಮ್ನಾಗ್ತೀವಿ. 'ಬೆರ್ಟ್ ಖೊರ್ಕೀಅಖ್' ಇಬ್ಬರು ಕಾರ್ಕ್‌ನವರು, 'ಟ್ರೂರ್ ಕೊರ್ಕೀಅಖ್' ಮೂವರು, ಇಬ್ಬರಿಗೆ ಮಾತ್ರ ಖ ಆಗುತ್ತೆ ಅನ್ನೋದು ನೆನಪಿರಲಿ. ಬ್ರೆಜಿಲ್‌ನವರು ಪೋಲೆಂಡ್‌ನವರು ಎಲ್ಲಾ ಇದಕ್ಕೊಂದು ಬೇರೆ ಪದ ಯಾಕೆ ಬೇಕು ಅಂತ ಜಗಳ ಆಡ್ತಿದ್ರೆ ನಾನು ಆರಾಮಾಗಿ ಕೂತಿದ್ದೆ.

ಈಗ ನಮ್ಮ ಊರಿನ ಸಮಸ್ಯೆ. ನಾನು ಬೆಂಗಳೂರು, ಮನೆಯವರು ಮಂಗಳೂರು. ಇಲ್ಲಿ ಜನಕ್ಕೆ ಗೊತ್ತಿರೋದು ಬ್ಯಾಂಗಲೋರ್, ಮ್ಯಾಂಗಲೋರ್, ಆಯ್ತು ಹಾಗೇ ಹೇಳೋಣ ಅನ್ಕೊಂಡ್ವಿ. 'ಅಲ್ಲಿ' ಅಂತ ಹೇಳೋಕೆ ಐರಿಶ್‌ನಲ್ಲಿ ಊರ ಮುಂದೆ 'ಇ' ಬರುತ್ತೆ, ಅದು ಬಂದ ತಕ್ಷಣ ಮುಂದಿನ ಅಕ್ಷರ ಮರೆಯಾಗುತ್ತೆ, ಕ ಇದ್ರೆ ಗ, ಪ ಇದ್ರೆ ಬ, ಬ ಇದ್ರೆ ಮ. ಕಾರ್ಕ್‌ನಲ್ಲಿ ಅಂದ್ರೆ 'ಇ ಗೊರ್ಕಿಗ್', ಪ್ಯಾರಿಸ್‌ನಲ್ಲಿ ಅಂದ್ರೆ 'ಇ ಬಾರಸ್'. ಹಾಗಾದ್ರೆ ಬ್ಯಾಂಗಲೋರ್‌ನಲ್ಲಿ? 'ಇ ಮ್ಯಾಂಗಲೋರ್'! ಮ್ಯಾಂಗಲೋರ್‌ನಲ್ಲಿ ಅಂದ್ರೂ 'ಇ ಮ್ಯಾಂಗಲೋರ್', ಮ ಬದಲಾಗಲ್ಲ. ಸರಿ, 'ಓ' ಅನ್ನೋ ಇನ್ನೊಂದು ಇದೆ, 'ಇಂದ' ಅಂತಾನೇ ಅರ್ಥ, ಅದು ಬಂದ್ರೆ ಬ ಮೆತ್ತಗಾಗಿ ವ ಆಗುತ್ತೆ, ಮ ಕೂಡಾ ಮೆತ್ತಗಾಗಿ ವ ಆಗುತ್ತೆ, ಹಾಗಾಗಿ ಇಬ್ಬರೂ 'ಓ ವ್ಯಾಂಗಲೋರ್'. ಗಂಡ ಹೆಂಡತಿ ಇಬ್ಬರೂ ಒಂದೇ ಊರವರಾಗಿಬಿಟ್ವಿ, ಅದೂ ಭೂಪಟದಲ್ಲಿ ಇಲ್ಲದ ಊರು. ಬರವಣಿಗೆಯಲ್ಲಿ ತೊಂದರೆ ಇಲ್ಲ, ಹಳೇ ಅಕ್ಷರ ಹಾಗೇ ಉಳಿದು ಅದರ ಪಕ್ಕದಲ್ಲಿ ಇನ್ನೊಂದು ಅಕ್ಷರ ಸೇರುತ್ತೆ ಅಷ್ಟೇ, ಕಣ್ಣಿಗೆ ಗೊತ್ತಾಗುತ್ತೆ, ಕಿವಿಗೆ ಗೊತ್ತಾಗಲ್ಲ. ಟೀಚರ್‌ಗೆ ಹೇಳಿದೆ, ಅವರು ಕ್ಯಾಮೆರಾ ಮುಂದೆ ಕಣ್ಣೀರು ಬರೋ ತನಕ ನಕ್ರು. ಅಪರಿಚಿತ ಹೊರದೇಶದ ಹೆಸರುಗಳಿಗೆ ಈ ಬದಲಾವಣೆ ಮಾಡದೇ ಬಿಡೋರೂ ಇದಾರೆ, ಆದ್ರೆ ಸೇಫ್ ದಾರಿ ಅಂದ್ರೆ ಮತ್ತೆ ಅದೇ 'ಆಸ್', ಅದು ಮುಂದಿನ ಅಕ್ಷರ ಮುಟ್ಟಲ್ಲ. 'ಇಸ್ ಆಸ್ ಬ್ಯಾಂಗಲೋರ್ ಮೇ.' ಕ್ಲಾಸಲ್ಲಿ ತಮಾಷೆಗೆ ಬ್ಯಾಂಗಲೋರಖ್, ಮ್ಯಾಂಗಲೋರಖ್ ಅಂತಾನೂ ಮಾಡ್ಕೊಂಡ್ವಿ, ನಿಯಮದ ಪ್ರಕಾರ ತಪ್ಪೇನಿಲ್ಲ, ಆದ್ರೆ ಡಿಕ್ಷನರಿಲಿ ಇಲ್ಲ, ಪರೀಕ್ಷೆಯಲ್ಲಿ ಈ ಸಾಹಸ ಬೇಡ. ಬೀದರ್, ಬಳ್ಳಾರಿ, ಬೆಳಗಾವಿ, ಬಾಗಲಕೋಟೆಯವರೂ ಗಮನಿಸಿ, ನಿಮ್ಮದೂ ಇದೇ ಗತಿ. ಹಾಸನದವರು ಆರಾಮು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕೊರ್ಕೀಅಖ್ ಅಂದ್ರೆ ಕಾರ್ಕ್ ಸಿಟಿಯವರೂ ಹೌದು, ಇಡೀ ಕೌಂಟಿಯವರೂ ಹೌದು. ಸಿಟಿಯವರು ಅಂತಲೇ ಹೇಳಬೇಕು ಅಂದ್ರೆ 'ಆಸ್ ಕಾಹಿರ್ ಖೊರ್ಕೀ', ಕಾರ್ಕ್ ನಗರದಿಂದ. ಎಲ್ಲರನ್ನೂ ಸೇರಿಸಿ ಕಾರ್ಕ್ ಜನ ಅನ್ನೋಕೆ 'ಮ್ವಿಂಟಿರ್ ಖೊರ್ಕೀ', ಗಾಲ್ವೇ ಜನ 'ಮ್ವಿಂಟಿರ್ ನ ಗಾಲಿವೆ', ನಡುವೆ ಆ 'ನ' ಬಂತು ನೋಡಿ, ಗಾಲ್ವೇಗೆ ಬರುತ್ತೆ ಕಾರ್ಕ್‌ಗೆ ಬರಲ್ಲ, ಯಾಕೆ ಅಂತ ಕೇಳಬೇಡಿ. ಮತ್ತೆ ಇಲ್ಲಿ ಎಷ್ಟೋ ವರ್ಷದಿಂದ ಇರೋ ನನ್ನಂಥವಳು 'ಇಸ್ ಕೊರ್ಕೀಅಖ್ ಮೇ' ಅನ್ನಬಹುದಾ? ವ್ಯಾಕರಣ ಬೇಡ ಅನ್ನಲ್ಲ. ಮಗಳು ಇಲ್ಲೇ ಹುಟ್ಟಿದೋಳು, ಒಂದು ಕ್ಷಣ ಯೋಚಿಸದೆ ಹೇಳ್ತಾಳೆ. ಟೀಚರ್‌ನ ಕೇಳಿದಾಗ ಅವರು, ನಾನೇ ಮೂಸ್ಕ್ರೀಯವಳು, ಸಿಟಿಯವರು ನನ್ನನ್ನೇ ಹಳ್ಳಿಯವಳು ಅಂತಾರೆ, ನೀನು ಹೇಳು ಯಾರು ತಡೀತಾರೆ ಅಂದ್ರು. ನಾನು ಮಾತ್ರ 'ಇಸ್ ಆಸ್ ಬ್ಯಾಂಗಲೋರ್ ಮೇ, ಆದ್ರೆ ತಾ ಮೇ ಇ ಮೊ ಖೋನೀ ಇ ಗೊರ್ಕಿಗ್' ಅಂತ ಎರಡನ್ನೂ ಸೇರಿಸಿ ಹೇಳೋದು ಅಂತ ತೀರ್ಮಾನ ಮಾಡ್ದೆ, ಬೆಂಗಳೂರಿಂದ ಬಂದೆ, ಕಾರ್ಕ್‌ನಲ್ಲಿ ವಾಸ. ಪರೀಕ್ಷೆ ದೃಷ್ಟಿಯಿಂದಲೂ ಲಾಭ, ಒಂದೇ ಉತ್ತರದಲ್ಲಿ ಇಸ್ ಮತ್ತು ತಾ ಎರಡೂ ಬಂತು, ಕ ಗ ಆಗಿದ್ದೂ ತೋರಿಸಿದ ಹಾಗಾಯ್ತು.

ರಿಜಿಸ್ಟ್ರೇಶನ್ ಎಲ್ಲಾ ಆನ್‌ಲೈನ್. ದಿನಾಂಕಗಳನ್ನ ಮೊದಲೇ ಹಾಕಿರ್ತಾರೆ, ಕೊನೇ ದಿನ ಪರೀಕ್ಷೆಗೆ ವಾರಗಟ್ಟಲೆ ಮುಂಚೆನೇ ಮುಗಿಯುತ್ತೆ, ಫೀಸ್ ಹಂತದಿಂದ ಹಂತಕ್ಕೆ ಬೇರೆ, ಸೈಟ್ ನೋಡ್ಕೊಳಿ. ಹೆಸರು ಮಾತ್ರ ಪಾಸ್‌ಪೋರ್ಟಲ್ಲಿ ಹೇಗಿದೆಯೋ ಹಾಗೇ ಹಾಕಿ, ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರ ಹೆಸರೋ ಸರ್‌ನೇಮ್ ಜಾಗಕ್ಕೆ ಹೋಗಿರುತ್ತೆ, ಐಆರ್‌ಪಿ ಕಾರ್ಡಲ್ಲಿ (ಇಲ್ಲಿ ವಾಸ ಮಾಡೋಕೆ ಕೊಡೋ ಪರ್ಮಿಟ್) ಒಂದು ಥರ, ಬ್ಯಾಂಕಲ್ಲಿ ಇನ್ನೊಂದು ಥರ, ಸರ್ಟಿಫಿಕೇಟಲ್ಲಿ ಮೂರನೇದು ಬರೋದು ಬೇಡ. ಹೋಗುವಾಗ ಪಾಸ್‌ಪೋರ್ಟ್ ತಗೊಂಡೇ ಹೋಗಿ.

ನನ್ನ ಪರೀಕ್ಷೆ ಮೇನೂತ್‌ನಲ್ಲಿ. ಕಾರ್ಕ್‌ನ ಕೆಂಟ್ ಸ್ಟೇಷನ್‌ನಿಂದ ಡಬ್ಲಿನ್ ಹ್ಯೂಸ್ಟನ್‌ಗೆ ಎರಡೂವರೆ ಗಂಟೆ ರೈಲು, ಅಲ್ಲಿಂದ ಲುವಾಸ್ ಅನ್ನೋ ಟ್ರಾಮ್‌ನ ರೆಡ್ ಲೈನ್ ಹತ್ತಿ ಕಾನಲಿ ಸ್ಟೇಷನ್, ಅಲ್ಲಿಂದ ಮೇನೂತ್ ರೈಲು. ಬೆಳಗ್ಗೆ ಪರೀಕ್ಷೆ ಇದ್ರೆ ಕಾರ್ಕ್‌ನಿಂದ ಅವತ್ತೇ ಹೊರಟು ಮುಟ್ತೀನಿ ಅನ್ನೋ ಧೈರ್ಯ ಬೇಡ, ಹಿಂದಿನ ದಿನವೇ ಹೋಗಿ. ರೂಮ್ ಬಾಡಿಗೆ ಪರೀಕ್ಷೆ ಫೀಸ್‌ಗಿಂತ ಜಾಸ್ತಿ ಆಯ್ತು, ಒಟ್ಟು ಖರ್ಚಲ್ಲಿ ದೊಡ್ಡ ಪಾಲು ಅದೇ. ರೈಲು ಟಿಕೆಟ್ ಮುಂಚೆ ಆನ್‌ಲೈನ್ ತಗೊಂಡ್ರೆ ಅಗ್ಗ. ಹತ್ತಿರದಲ್ಲಿ ಬೇರೆ ಸೆಂಟರ್ ಇದ್ಯಾ ಅಂತ ಮೊದಲೇ ವಿಚಾರಿಸಿ. ರೈಲಲ್ಲಿ ಪ್ರತಿ ಸ್ಟೇಷನ್ ಹೆಸರನ್ನೂ ಎರಡು ಭಾಷೆಲಿ ಹೇಳ್ತಾರೆ, ದಾರಿಯುದ್ದಕ್ಕೂ ಒಂದೊಂದು ಊರಿನ ಜನಕ್ಕೂ ಮನಸಲ್ಲೇ 'ಅಖ್' ಹಾಕ್ಕೊಂಡು ಹೋದೆ, ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ನನ್ನ ತುಟಿ ಅಲ್ಲಾಡೋದು ನೋಡಿ ಜಪ ಮಾಡ್ತಿದಾಳೆ ಅನ್ಸಿರಬೇಕು.

ಪರೀಕ್ಷೆ ನಾಲ್ಕು ಕೌಶಲ್ಯದ್ದು, ಕೇಳೋದು, ಓದೋದು, ಬರೆಯೋದು, ಮಾತಾಡೋದು. ಪ್ರಶ್ನೆಗಳನ್ನ ಇಲ್ಲಿ ಬರೆಯಲ್ಲ, ಸರಿಯಲ್ಲ ಅದು. ಸ್ಯಾಂಪಲ್ ಪೇಪರ್ ಹೇಗಿದೆಯೋ ಹಾಗೇ ಇರುತ್ತೆ, ಆಶ್ಚರ್ಯ ಏನೂ ಇರಲ್ಲ. ಕೇಳೋ ಪೇಪರ್‌ನಲ್ಲಿ ಟೇಪ್ ಶುರುವಾಗೋ ಮುಂಚೆ ಪ್ರಶ್ನೆ ಓದೋಕೆ ಸಿಗೋ ಸ್ವಲ್ಪ ಹೊತ್ತನ್ನ ಬಿಡಬೇಡಿ. ನನ್ನ ಓರಲ್‌ಗೂ ಬರೆಯೋ ಪೇಪರ್‌ಗೂ ಮಧ್ಯೆ ಬಹಳ ಹೊತ್ತು ಕಾಯಬೇಕಿತ್ತು, ಆ ಕಾಯೋದೇ ಕಷ್ಟ, ಹೊಟ್ಟೆಗೆ ಏನೂ ಇಳೀತಿರಲಿಲ್ಲ, ಕಾರಿಡಾರ್‌ನಲ್ಲಿ ಎಲ್ಲರೂ ಗೋಡೆ ನೋಡ್ಕೊಂಡು ಗೊಣಗ್ತಿದ್ವಿ. ಅಲ್ಲಿದ್ದವರಲ್ಲಿ ಅಮೆರಿಕದವರು ಇದ್ರು, ಜರ್ಮನಿಯವರು ಇದ್ರು, ಸ್ಕೂಲಲ್ಲಿ ಕಲಿತು ಮರೆತು ರಿಟೈರ್ ಆದ್ಮೇಲೆ ಮತ್ತೆ ಬಂದ ಡಬ್ಲಿನ್‌ನ ಒಬ್ಬ ತಾತನೂ ಇದ್ರು. ಅವರು ನನ್ನ ಕೇಳಿದ್ದೂ ಅದೇ, ಎಲ್ಲಿಯವರು. ಹೇಳ್ದೆ. ಅದಕ್ಕೆ ಅವರು ಕೊರ್ಕೀಅಖ್ ಅಲ್ವಾ ಹಾಗಾದ್ರೆ, ನಾನು ನಿನ್ನ ಪಕ್ಕ ಕೂರಲ್ಲ ಅಂದ್ರು, ಡಬ್ಲಿನ್ ಕಾರ್ಕ್ ಜಗಳ ಇಲ್ಲಿ ಎಲ್ಲರ ಬಾಯಲ್ಲೂ ಇರೋದೇ. ಆ ನಗುವಲ್ಲಿ ಅರ್ಧ ಭಯ ಹೋಯ್ತು.

ಓರಲ್‌ನಲ್ಲಿ ಎದುರಿಗೆ ಕೂತವರು ನಿಧಾನಕ್ಕೆ ಮಾತಾಡಿದ್ರು, ಅರ್ಥ ಆಗದಿದ್ರೆ ಇನ್ನೊಂದ್ಸಲ ಹೇಳಿ ಅಂತ ಐರಿಶ್‌ನಲ್ಲೇ ಕೇಳಬಹುದು, ಆ ಒಂದು ವಾಕ್ಯ ಮಾತ್ರ ನೀರು ಕುಡಿದ ಹಾಗೆ ಬರಬೇಕು. ಮನೆಯವರ ಊರಿನ ವಿಷಯ ಬಂತು, ಮ್ಯಾಂಗಲೋರ್ ಅಂತ 'ಆಸ್' ಹಾಕಿಯೇ ಹೇಳ್ದೆ, ಅವರು ಬ್ಯಾಂಗಲೋರ್? ಅಂತ ಮತ್ತೆ ಕೇಳಿದ್ರು. ಅಲ್ಲಿಂದ ಅವೆರಡೂ ಯಾಕೆ ಒಂದೇ ಥರ ಕೇಳ್ಸುತ್ತೆ ಅಂತ ನನಗೆ ಬಂದಷ್ಟು ಐರಿಶ್‌ನಲ್ಲೇ ವಿವರಿಸಿದೆ, ಒಂದು ಸಮುದ್ರದ ಹತ್ರ, ಇನ್ನೊಂದು ದೂರ, ಒಂದರಲ್ಲಿ ಮೀನು, ಇನ್ನೊಂದರಲ್ಲಿ ಟ್ರಾಫಿಕ್. ಅಲ್ಲಿ ಮಾತು ಸಲೀಸಾಗಿ ಹರೀತು. ನಿಮ್ಮೂರಿನ ಬಗ್ಗೆ ನಾಲ್ಕೈದು ವಾಕ್ಯ ತಯಾರು ಮಾಡ್ಕೊಂಡು ಹೋಗಿ, ಯಾವ ದಿಕ್ಕಿನಲ್ಲಿದೆ, ಸಮುದ್ರ ಇದೆಯಾ, ಜನ ಎಷ್ಟು, ಊಟ ಏನು, ಕಾರ್ಕ್‌ಗಿಂತ ದೊಡ್ಡದಾ ಚಿಕ್ಕದಾ.

ರಿಸಲ್ಟ್‌ಗೆ ವಾರಗಟ್ಟಲೆ ಕಾಯಬೇಕು. ಮೊದಮೊದಲು ದಿನಾ ಇಮೇಲ್ ನೋಡ್ತಿದ್ದೆ, ಆಮೇಲೆ ಮರೆತೇ ಹೋಗಿತ್ತು. ಆ ಮಧ್ಯೆ ಅಭ್ಯಾಸ ಬಿಡಬೇಡಿ, ಟಿಜಿ4 ಚಾನೆಲ್‌ನಲ್ಲಿ ಹರ್ಲಿಂಗ್ (ಕೋಲು ಚೆಂಡಿನ ಐರಿಶ್ ಆಟ) ಮ್ಯಾಚ್ ಬರುತ್ತೆ, ಕಾಮೆಂಟರಿ ಐರಿಶ್‌ನಲ್ಲಿ, ರೇಡಿಯೋದಲ್ಲಿ ರೇಡಿಯೋ ನ ಗೇಲ್ತಖ್ತ 1972ರಿಂದ ಇದೆ, ಮೂರೂ ಪ್ರಾಂತದ ಮಾತು ಬರುತ್ತೆ. ಕಾರ್ಕ್, ಲಿಮರಿಕ್ ಮ್ಯಾಚ್ ದಿನ ಕೂತು ಕೇಳಿ, ನಾನು ಮೇಲೆ ಬರೆದಿರೋ ರೂಪಗಳಲ್ಲಿ ಒಂದಷ್ಟಾದ್ರೂ ಕಿವಿಗೆ ಬೀಳುತ್ತೆ, ಪುಸ್ತಕದಲ್ಲಿ ತಿಂಗಳುಗಟ್ಟಲೆ ಹತ್ತದ್ದು ಅಲ್ಲಿ ಒಂದು ಮಧ್ಯಾಹ್ನದಲ್ಲಿ ಹತ್ತುತ್ತೆ.

ಮುಂದಿನದು ಬಿ1, ಅದರಲ್ಲಿ ವ್ಯಾಕರಣ ಇನ್ನೂ ಜೋರು ಅಂತಾರೆ, ಮುಂದಿನ ಸೆಪ್ಟೆಂಬರ್ ಕ್ಲಾಸ್‌ಗೆ ಈಗಲೇ ಹೆಸರು ಕೊಟ್ಟಿದೀನಿ. ಕಾರ್ಕ್ ಕಡೆ ಯಾರಾದ್ರೂ ಎ1 ಶುರು ಮಾಡೋರಿದ್ರೆ ಹೇಳಿ, ಊರುಗಳು, ಅಲ್ಲಿಯ ಜನ, ಅದರ ಎಲ್ಲಾ ರೂಪಗಳು ಕನ್ನಡ ಅಕ್ಷರದಲ್ಲೇ ಬರೆದಿಟ್ಟಿರೋ ನೋಟ್ ಪುಸ್ತಕ ಇದೆ, ಫೋಟೋ ತೆಗೆದು ಕಳಿಸ್ತೀನಿ. ಅಕ್ಷರ ಸ್ವಲ್ಪ ಕೋಳಿಕಾಲು, ಅಡ್ಜಸ್ಟ್ ಮಾಡ್ಕೊಳಿ.